ಹಳೆಯ ಯಂತ್ರಕ್ಕೆ ನ್ಯಾಯವಾದ ಬೆಲೆ

ಉಪಯೋಗಿಸಿದ ವಸ್ತುವನ್ನು ಮಾರುವ ಗೃಹಸ್ಥನು ಎಷ್ಟು ಹಣ ಕೇಳುವುದು ನ್ಯಾಯ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಅಚೌರ್ಯಾಣುವ್ರತವನ್ನು ಸ್ವೀಕರಿಸಿದವನಿಗೆ ಮಾತ್ರ ಅದು ಸಣ್ಣದಲ್ಲ. ಬಾಗಲಕೋಟೆಯ ಶ್ರಾವಕನೊಬ್ಬನು ಹವ್ಯಾಸಕ್ಕಾಗಿ ಮನೆಯಲ್ಲಿರಿಸಿಕೊಂಡಿದ್ದ ಸಣ್ಣ ಲೇಥ್ ಯಂತ್ರವನ್ನು, ಪರಿಗ್ರಹಪರಿಮಾಣದ ನಿಮಿತ್ತ, ಮಾರಲು ನಿಶ್ಚಯಿಸಿದನೆಂದು ಭಾವಿಸಬಹುದು. ಕೊಳ್ಳಲು ಬಂದವನು ಬಾದಾಮಿಯ ತರುಣ. ಇದುವರೆಗೆ ಲೇಥನ್ನು ಮುಟ್ಟದವನು. ಜೋಳಕ್ಕೆ ಪೇಟೆಯಲ್ಲಿ ಧಾರಣೆಯುಂಟು. ಇಂತಹ ಯಂತ್ರಕ್ಕೆ ಧಾರಣೆಯೆಲ್ಲಿ?

ಕೆಳಗಿನ ಮಿತಿ ಗುಜರಿಯದು, ಎಂದರೆ ಎರಕದ ಕಬ್ಬಿಣದ ತೂಕಕ್ಕೆ ದೊರೆಯುವ ಹಣ. ಮೇಲಿನ ಮಿತಿ ಅದೇ ಅಳತೆಯ ಹೊಸ ಯಂತ್ರದ ಬೆಲೆ. ಇವೆರಡರ ನಡುವೆ ಸರಿಯಾದ ಸ್ಥಾನ ಯಾವುದೆಂಬುದನ್ನು ಯಂತ್ರದ ವಯಸ್ಸು ಹೇಳುವುದಿಲ್ಲ, ಸವೆತ ಹೇಳುತ್ತದೆ. ಕೆಲಸದ ಬಹುಭಾಗ ಚಕ್ಕಿನ ಸಮೀಪದಲ್ಲಿಯೇ ನಡೆಯುವುದರಿಂದ ಬೆಡ್ಡು ಅಲ್ಲಿ ಹೆಚ್ಚಾಗಿ ಸವೆದು, ದೂರದ ತುದಿಯಲ್ಲಿ ಹೊಸದರಂತೆಯೇ ಉಳಿದಿರುತ್ತದೆ. ಚಕ್ಕಿನ ಬಳಿ ಸಡಿಲವಿಲ್ಲದಂತೆ ಬಿಗಿಗೊಳಿಸಿದ ಕ್ಯಾರೇಜು ಆ ತುದಿಗೆ ಹೋದಾಗ ಸಿಕ್ಕಿಕೊಂಡರೆ ಸವೆತ ಬಹಳವಾಗಿದೆಯೆಂದು ತಿಳಿಯಬೇಕು. ಒಂದು ಸರಳನ್ನು ತೆಳುವಾಗಿ ಕಡೆದು ಎರಡು ತುದಿಗಳ ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆದರೆ ಉಳಿದ ಸಂಗತಿಯೂ ಹೊರಬೀಳುತ್ತದೆ. ಮಾರುವ ಮುನ್ನ ಬಳಿದ ಹೊಸ ಬಣ್ಣಕ್ಕೆ ಬೆಲೆಯಿಲ್ಲ. ಸಂಶಯಕ್ಕೆ ಅದು ಆಸ್ಪದವಾದರೂ ಆದೀತು.

ಮೂರು ದವಡೆಯ ಮತ್ತು ನಾಲ್ಕು ದವಡೆಯ ಚಕ್ಕುಗಳು, ಫೇಸ್‌ಪ್ಲೇಟು, ಎಳೆ ಕೊರೆಯಲು ಬೇಕಾಗುವ ಬದಲಿ ಗೇರುಗಳು, ಇವನ್ನು ಬಿಡಿಯಾಗಿ ಕೊಳ್ಳಹೋದವನಿಗೆ ಅವುಗಳ ಬೆಲೆ ಗೊತ್ತು. ಒಂದೇ ಗೇರು ಕಳೆದಿದ್ದರೂ ಕೆಲವು ಅಳತೆಯ ಎಳೆಗಳು ಆ ಯಂತ್ರದಲ್ಲಿ ಬಾರವು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ಗಟ್ಟಿತನಕ್ಕೆ ಹೆಸರಾದವು. ಆದರೆ ಆ ಕಾರ್ಖಾನೆಯೇ ಮುಚ್ಚಿಹೋಗಿರುವುದರಿಂದ ಮುರಿದ ಭಾಗವನ್ನು ಮತ್ತೊಂದು ಹಳೆಯ ಯಂತ್ರದಲ್ಲಿಯೇ ಹುಡುಕಬೇಕು. ಇದನ್ನೂ ಬೆಲೆಯಲ್ಲಿ ಕಳೆಯಬೇಕಾಗುತ್ತದೆ. ಮಾರುವವನ ಮಮತೆಯನ್ನಂತೂ ಕೂಡಿಸುವಂತಿಲ್ಲ. ಅದು ಮೂರ್ಛೆ, ಅದರ ಋಣವನ್ನು ಕೊಳ್ಳುವವನು ತೀರಿಸಬೇಕಾದ ಕಾರಣವಿಲ್ಲ.

ಇಬ್ಬರೂ ಒಪ್ಪಿದ ಮೇಲೆ ಅದೇ ನ್ಯಾಯವಾದ ಬೆಲೆಯಲ್ಲವೇ ಎಂದು ಕೆಲವರು ಕೇಳುವರು. ಇಳಕಲ್ಲಿನಲ್ಲಿ ಹಳೆಯ ಕುಣಿಮಗ್ಗವೊಂದು ನೇಕಾರನಿಂದ ನೇಕಾರನಿಗೆ ಹೋಗುವಾಗ ಈ ಮಾತು ಸಲ್ಲುತ್ತದೆ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಕೂಡಿಸಬಲ್ಲವರು ಇಬ್ಬರೂ. ಮಗ್ಗದ ಗುಣದೋಷ ಇಬ್ಬರ ಕಣ್ಣಿಗೂ ಸಮಾನ. ಬಾದಾಮಿಯ ತರುಣನ ಸ್ಥಿತಿ ಹಾಗಲ್ಲ. ಅವನು ಒಪ್ಪಿದ್ದು ಯಂತ್ರವನ್ನಲ್ಲ, ಯಂತ್ರದ ಹೊರನೋಟವನ್ನು. ತಿಳಿಯದ ದೋಷಕ್ಕೆ ಒಪ್ಪಿಗೆಯೆಂಬುದಿಲ್ಲ. ಅಲ್ಲದೆ ಸವೆದ ಲೇಥು ಮಾರಾಟದ ದಿನ ಒಮ್ಮೆ ಮೋಸ ಮಾಡಿ ಸುಮ್ಮನಾಗುವುದೂ ಇಲ್ಲ. ಮುಂದೆ ಅವನು ಕಡೆಯುವ ಒಂದೊಂದು ದಂಡವೂ ಒಂದು ತುದಿ ದಪ್ಪ, ಒಂದು ತುದಿ ಸಣ್ಣದಾಗಿ ಬರುತ್ತದೆ, ಅವನಾದರೋ ತನ್ನ ಕೈಯನ್ನೇ ಹಳಿದುಕೊಳ್ಳುತ್ತಾನೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು: ಕೊಡುವಾಗ ಕಿರಿದಾಗಿ, ಕೊಳ್ಳುವಾಗ ಹಿರಿದಾಗಿ ಅಳೆಯುವುದು. ಬಲ್ಲವನ ಮೌನವೂ ಇಲ್ಲಿ ಸುಳ್ಳು ತೂಕದ ಕಲ್ಲೇ ಆಗುತ್ತದೆ. ವ್ಯಾಪಾರ ಬೇರೆ, ಧರ್ಮ ಬೇರೆ ಎನ್ನುವವರು ಹುನಗುಂದ ಸೀಮೆಯ ಐಹೊಳೆಯನ್ನು ನೆನೆಯಬಹುದು. ಆ ಊರಿನ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ತಮ್ಮ ವೃತ್ತಿಯ ಕಟ್ಟಳೆಯನ್ನು ವೀರಬಣಂಜು ಧರ್ಮವೆಂದೇ ಕರೆದರು.

ಇದಕ್ಕಿಂತ ಕಠಿನವಾದುದು ವಿಪರೀತ ಪ್ರಸಂಗ. ಯಂತ್ರದ ಒಡೆಯನು ತೀರಿಕೊಂಡಿದ್ದಾನೆ. ಅವನ ಪತ್ನಿಗೆ ಅದು ಮೂಲೆಯಲ್ಲಿರುವ ಭಾರವಾದ ಕಬ್ಬಿಣ. ನೋಡಲು ಬಂದವನು ಮಾತ್ರ ನುರಿತವನು. ಪೆಟ್ಟಿಗೆಯಲ್ಲಿರುವ ಚಕ್ಕೊಂದೇ ಅವಳು ಕೇಳುವ ಹಣಕ್ಕೆ ಸಾಟಿಯೆಂದು ಬಲ್ಲವನು. ಅವಳು ತಾನಾಗಿ ಬೆಲೆ ಹೇಳಿದಾಗ ಅವನು ಸುಮ್ಮನೆ ಹಣ ಎಣಿಸಿ ಕೊಡಬಹುದೇ? ಅವನ ಜ್ಞಾನ ವರ್ಷಗಳ ಶ್ರಮದಿಂದ ಬಂದದ್ದು. ಅದರ ಫಲವೆಲ್ಲವನ್ನೂ ಬಿಟ್ಟುಕೊಡಬೇಕೆಂದು ಹೇಳುವುದು ಕಷ್ಟ. ಹಾಗೆ ಕೊಂಡವನನ್ನು ಕಳ್ಳನೆನ್ನಲಾಗದು. ಉದಾರನೆಂದೂ ಯಾರೂ ಹೇಳರು. ಆದರೆ ಅವಳು, ‘ಇದಕ್ಕೆ ಎಷ್ಟು ಬಂದೀತು, ನೀವೇ ಹೇಳಿ’ ಎಂದು ಕೇಳಿದ ಕ್ಷಣದಲ್ಲಿ ಸ್ಥಿತಿ ಬದಲಾಗುತ್ತದೆ. ಅವನು ಇನ್ನು ಕೇವಲ ಗಿರಾಕಿಯಲ್ಲ. ತಕ್ಕಡಿ ಅವನ ಕೈಗೆ ಬಂದಿದೆ. ಆಮೇಲೆ ಅವನು ಹೇಳುವ ಕಡಿಮೆ ಬೆಲೆ ಚೌಕಾಸಿಯಾಗಿ ಉಳಿಯದೆ ಹೀನಮಾನವೇ ಆಗುತ್ತದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಹೋಗಬೇಕಾದವರನ್ನು ಕಂಡ ಊರಿಗೆ, ಅವಸರದಲ್ಲಿರುವವನು ಹೇಳುವ ಬೆಲೆಗೂ ವಸ್ತುವಿನ ಬೆಲೆಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅವನು ಏನು ಹೇಳಬೇಕು? ಅದೇ ಯಂತ್ರ ತನ್ನದಾಗಿದ್ದರೆ, ಎಲ್ಲ ದೋಷಗಳನ್ನೂ ತಿಳಿಸಿ, ತನ್ನಷ್ಟೇ ಬಲ್ಲ ಮತ್ತೊಬ್ಬನಿಗೆ ಎಷ್ಟಕ್ಕೆ ಕೊಡುತ್ತಿದ್ದನೋ ಆ ಮೊತ್ತವನ್ನು. ಸಾಗಣೆಯ ಗಾಡಿಬಾಡಿಗೆ, ತುಕ್ಕು ತೆಗೆಯುವ ಖರ್ಚು, ಇಲ್ಲದ ಗೇರಿನ ಬೆಲೆ, ಇವನ್ನು ಅದರಿಂದ ಕಳೆಯುವ ಹಕ್ಕು ಅವನಿಗುಂಟು. ಆ ಕಳೆಯುವ ಲೆಕ್ಕವನ್ನು ಅವಳ ಎದುರಿನಲ್ಲಿಯೇ, ಒಂದು ಕಾಗದದ ಮೇಲೆ, ಬರೆದು ತೋರಿಸತಕ್ಕದ್ದು.