ಥರ್ಮಾಮೀಟರಿಗೆ ಕಾಣದ ಉರಿ

ನಮ್ಮ ಆತಗೂರಿನ ಕಡೆ ಆಲೆಮನೆಯಲ್ಲಿ ಬೆಲ್ಲ ಕಾಯಿಸೋದು ನೋಡಿದ್ದೀರಾ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋಕೆ ಶುರುವಾದ ಮೇಲೂ ಒಲೆ ಮುಂದೆ ಕೂತವರು ಒಣಗಿದ ರಚ್ಚು ತುಂಬ್ತಾನೇ ಇರಬೇಕು. ಚಿಕ್ಕವನಿದ್ದಾಗ ಅನ್ನಿಸೋದು: ಕುದೀತಲ್ಲ, ಇನ್ಯಾಕೆ ಉರಿ?

ಉತ್ತರ ಸಿಕ್ಕಿದ್ದು ಪಿಯುಸಿ ಕೆಮಿಸ್ಟ್ರಿಯಲ್ಲಿ. 1 ಕೆಜಿ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸೋಕೆ ಸುಮಾರು 293 ಕಿಲೋಜೂಲ್ ಸಾಕು. ಅದೇ ನೀರು ಪೂರ್ತಿ ಆವಿಯಾಗೋಕೆ ಇನ್ನೂ 2,260 ಬೇಕು. ಅಷ್ಟೂ ಹೊತ್ತು ಥರ್ಮಾಮೀಟರ್ 100ರಲ್ಲೇ ನಿಂತಿರುತ್ತೆ. ಶಾಖವೆಲ್ಲ ನೀರಿನ ಅಣುಗಳನ್ನು ಒಂದರಿಂದ ಒಂದು ಬಿಡಿಸೋಕೆ ಖರ್ಚಾಗುತ್ತೆ. ಕಬ್ಬಿನ ಹಾಲು ಗಟ್ಟಿಯಾದಂತೆ ಕುದಿಬಿಂದು ಕೊಂಚ ಏರುತ್ತೆ, ಅದು ಬೇರೆ ಮಾತು. ಇದಕ್ಕೆ ಹೆಸರೇ ಗುಪ್ತೋಷ್ಣ.

ಹೋದ ಅಪ್ರೈಸಲ್‌ನಲ್ಲಿ ಟೀಮಿನ ಹುಡುಗಿಯೊಬ್ಬಳಿಗೆ ಕಡಿಮೆ ರೇಟಿಂಗ್ ಕೊಟ್ಟೆ. ಆರು ತಿಂಗಳು ಹಳೇ ಕೋಡಿನ ಗಂಟು ಬಿಡಿಸಿದ್ದಳು. ತೋರಿಸೋಕೆ ಹೊಸ ಫೀಚರ್ ಒಂದೂ ಇರಲಿಲ್ಲ. 'ಔಟ್‌ಪುಟ್ ಕಾಣಿಸ್ತಿಲ್ಲ' ಅಂತ ಬರೆದೆ. ಏರಿದ್ದಕ್ಕೆ ಮಾತ್ರ ಅಂಕ ಕೊಡೋದು ಯಾವ ನ್ಯಾಯ?

ಹಾಗಂತ ಕಾಣದ್ದೆಲ್ಲ ಕೆಲಸವೂ ಅಲ್ಲ. ಕೊಪ್ಪರಿಗೆಗೆ ತಾಗದೆ ಹೊಗೆ ಜೊತೆ ಸುಮ್ನೆ ಹೋಗೋ ಶಾಖವೂ ಇದೆ. ಯಾವುದು ಯಾವುದು ಅಂತ ತಿಳಿಯೋಕೆ ಒಲೆ ಹತ್ರ ಹೋಗಿ ಕೂರಬೇಕು. ನಾನು ಅವಳ ಕೋಡ್ ತೆರೆದೂ ನೋಡಿರಲಿಲ್ಲ.