ದೊರೆತನ ಅಂದ್ರೆ ಹತ್ತಿರ ಹೋಗೋ ಹಕ್ಕಾ?



ಆದಿಕಾಂಡ 1:28 ನಮಗೆಲ್ಲ ಬಾಯಿಪಾಠ. ದೇವರು ಮನುಷ್ಯನಿಗೆ ದೊರೆತನ ಕೊಟ್ಟ ವಚನ ಅದು. ಆದ್ರೆ ಸ್ವಲ್ಪ ಮೇಲೆ, 22ನೇ ವಚನ ನೋಡಿ. ಸತ್ಯವೇದದ ಮೊದಲ ಆಶೀರ್ವಾದ ಸಿಕ್ಕಿದ್ದು ನಮಗಲ್ಲ, ಸಮುದ್ರದ ಜೀವಿಗಳಿಗೂ ಪಕ್ಷಿಗಳಿಗೂ. ಆದಾಮನೇ ಇನ್ನೂ ಇರಲಿಲ್ಲ. ಫೋಟೋ ತೆಗೆಯೋಕೆ ಯಾರೂ ಇರಲಿಲ್ಲ!

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಫಾರ್ನ್ ದ್ವೀಪಗಳಿವೆ. ಸೀಹೌಸಸ್ ಅನ್ನೋ ಊರಿಂದ ಚಿಕ್ಕ ದೋಣಿಯಲ್ಲಿ ಅಲ್ಲಿಗೆ ಹೋಗಿದ್ದೆ. ನವೆಂಬರ್ ತಿಂಗಳು, ಕೈ ಮರಗಟ್ಟುವ ಚಳಿ. ಬಂಡೆಗಳ ಮೇಲೆ ಗ್ರೇ ಸೀಲ್‌ಗಳು ಮಲಗಿದ್ದವು, ಪಕ್ಕದಲ್ಲಿ ಬಿಳಿ ತುಪ್ಪಳದ ಮರಿಗಳು. ಸೀಲ್ ಮೀನಲ್ಲ, ಮರಿಗೆ ಹಾಲೂಡಿಸೋ ಪ್ರಾಣಿ. ತಾಯಿ ಹಾಲು ಕೊಡೋದು ಸುಮಾರು ಮೂರೇ ವಾರ. ಆ ಹಾಲಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. 14 ಕಿಲೋ ಆಸುಪಾಸಿನಲ್ಲಿ ಹುಟ್ಟಿದ ಮರಿ ಅಷ್ಟರಲ್ಲೇ ಮೂರು ಪಟ್ಟು ಆಗುತ್ತೆ. ಆ ದಿನಗಳಲ್ಲಿ ತಾಯಿ ತಿನ್ನೋದು ಏನೂ ಇಲ್ಲ, ಉಪವಾಸ. (ನಮ್ಮ ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ ನೆನಪಾಯ್ತು. ನಾವಾದ್ರೂ ಸಂಜೆ ಊಟ ಮಾಡ್ತೀವಿ.)

ದೋಣಿಯಲ್ಲಿದ್ದ ಒಬ್ಬ ಹುಡುಗ ಫೋನ್ ಹಿಡ್ಕೊಂಡು, ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಂದ. ದೋಣಿಯವರು ಒಪ್ಪಲಿಲ್ಲ. ತಾಯಿ ಹೆದರಿ ನೀರಿಗಿಳಿದ್ರೆ ಮರಿಗೆ ಹಾಲು ತಪ್ಪುತ್ತೆ, ಕೆಲವೊಮ್ಮೆ ಅವಳು ವಾಪಸ್ ಬರೋದೇ ಇಲ್ಲ ಅಂದರು. ಆ ಹುಡುಗನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಮರಿ ಮೇಲೆ ಅವನಿಗೆ ನಿಜವಾಗಿಯೂ ಪ್ರೀತಿ ಉಕ್ಕಿತ್ತು. ಪ್ರಶ್ನೆ ಇರೋದೇ ಅಲ್ಲಿ. ಕೊಲ್ಲೋರನ್ನು ತಡೆಯೋಕೆ ಕಾನೂನು ಸಾಕು. ಎಣ್ಣೆಗೂ ಚರ್ಮಕ್ಕೂ ಸೀಲ್ ಕೊಲ್ಲುತ್ತಿದ್ದ ಬ್ರಿಟನ್ನಲ್ಲಿ 1914ರಲ್ಲೇ ಇವುಗಳ ರಕ್ಷಣೆಗೆ ಕಾನೂನು ಬಂತು. ಪ್ರೀತಿಯಿಂದ ಹತ್ತಿರ ಬರೋರನ್ನು ಯಾರು ತಡೀಬೇಕು?

ಯೋಬನು 39ನೇ ಅಧ್ಯಾಯದಲ್ಲಿ ದೇವರು ಯೋಬನನ್ನು ಕೇಳೋದು ಇಂಥದ್ದೇ ವಿಷಯ: ಕಾಡಿನ ಜಿಂಕೆ ಮರಿ ಹಾಕೋ ಹೊತ್ತು ನಿನಗೆ ಗೊತ್ತಾ ಅಂತ. ಗೊತ್ತಿಲ್ಲ ಅನ್ನೋದೇ ಉತ್ತರ. ನಾವು ನೋಡದಿದ್ರೂ ಅವು ಹುಟ್ಟುತ್ತವೆ, ಆತನು ನೋಡ್ತಾನೆ. ಆದ್ರಿಂದ ದೊರೆತನ ಅಂದ್ರೆ ಕೈಗೆ ಸಿಗೋದನ್ನೆಲ್ಲ ಮುಟ್ಟೋ ಅಧಿಕಾರ ಅಂತ ನಾನು ಒಪ್ಪಲ್ಲ. ಸರ್ವಾಧಿಕಾರ ಇರೋ ಯೇಸು ಸ್ವಾಮಿಯೇ ಪ್ರಕಟನೆ 3:20ರಲ್ಲಿ ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ, ಒಡೆದು ಒಳಗೆ ಬರಲ್ಲ.

ಮೊನ್ನೆ ಯೂತ್ ಮೀಟಿಂಗಲ್ಲಿ ಒಬ್ಬ ತಂಗಿ ಕೇಳಿದಳು: "ಹಾಗಾದ್ರೆ ಹೋಗೋದೇ ಬೇಡ್ವಾ ಪಾಸ್ಟರ್?" ಹೋಗಿ ಅಂದೆ. ಇಂಜಿನ್ ಆಫ್ ಮಾಡಿ ಕಾಯಿರಿ. ನಾವು ಕಾದಾಗ ಒಂದು ಸೀಲ್ ತಾನಾಗೇ ದೋಣಿ ಹತ್ತಿರ ತಲೆ ಎತ್ತಿತು. ದೊಡ್ಡ ಕಪ್ಪು ಕಣ್ಣಿಂದ ನಮ್ಮನ್ನ ನೋಡ್ತು, ಮೂಗು ಮುಚ್ಕೊಂಡು ನೀರಿಗಿಳೀತು. ಆ ಹುಡುಗ ಫೋನ್ ಎತ್ತೋದನ್ನೇ ಮರೆತಿದ್ದ.