ದಾರಿಖರ್ಚಿನ ಪ್ರಶ್ನೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಸುತ್ತುವವನ ದಾರಿಖರ್ಚು ಯಾರು ಕೊಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದ ಬಡ ಪದವೀಧರರನ್ನು ಸರಕಾರದ ಹಣದಲ್ಲಿ ಪರದೇಶಕ್ಕೆ ಕಳಿಸುವ ಮಾತು ಬಂದಾಗ ಮಿತ್ರರೊಬ್ಬರು ಕೇಳಿದರು: “ಆ ಒಬ್ಬನ ಖರ್ಚಿನಲ್ಲಿ ಹಳ್ಳಿಯ ಎಷ್ಟು ಮಕ್ಕಳು ಓದಬಹುದು, ಲೆಕ್ಕ ಹಾಕಿದ್ದೀರಾ?”

ಪ್ರಶ್ನೆ ನ್ಯಾಯವಾದದ್ದೇ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆಮೇಲೆ ಅಂಬೇಡ್ಕರರ ನೆನಪಾಯಿತು. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿಂದ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಒಪ್ಪಂದದಂತೆ ಬರೋಡೆಯಲ್ಲಿ ಕೆಲಸಕ್ಕೆ ಸೇರಿದರೆ, ಜಾತಿಯ ದೆಸೆಯಿಂದ ಇರಲು ಮನೆ ಸಿಗಲಿಲ್ಲ. ಉಳಿತಾಯಕ್ಕೆ ಸಾಲ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು.

ಬರೋಡೆಯ ಲೆಕ್ಕದಲ್ಲಿ ಆ ಹಣ ನಷ್ಟವೆಂದೇ ಕಂಡಿರಬಹುದು. 1947ರಲ್ಲಿ ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಈಗ ಯಾರಿಗೆ ಯಾರು ಋಣಿ?

ಹಳ್ಳಿಯ ಶಾಲೆಗೆ ಎಷ್ಟು ಹಣವೆಂದು ನಿರ್ಣಯಿಸುವ ಜಾಗದಲ್ಲಿ ಉಳ್ಳವರ ಮಕ್ಕಳೇ ಕುಳಿತರೆ, ಬಡತನ ಅಲ್ಲಿ ಬರಿಯ ಅಂಕಿಯಾಗಿ ಉಳಿದೀತು. ಇಂದು ಕೇಂದ್ರ ಸರಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗದ ವೇತನ ಕೊಡುತ್ತಿದೆ, ಒಳ್ಳೆಯದು. ಆದರೆ ಅರ್ಧ ದಾರಿಗೆ ಬುತ್ತಿ ಕಟ್ಟಿಕೊಟ್ಟು ಕೈಬಿಡುವುದು ಕೊಟ್ಟಂತಲ್ಲ.

ಕಳಿಸಿದ ಪ್ರತಿಯೊಬ್ಬನೂ ಅಂಬೇಡ್ಕರರಾಗುವುದಿಲ್ಲ, ನಿಜ. ಆದರೂ ಮಿತ್ರರು ಹೇಳಿದ ಆ ಮಕ್ಕಳ ಪರವಾಗಿ ನಾಳೆ ತಿಳಿದು ಮಾತನಾಡಬಲ್ಲವನು, ಅವರ ನಡುವಿನಿಂದಲೇ ಹೋಗಿಬಂದ ಆ ಒಬ್ಬನಾಗಿರಬಹುದಲ್ಲವೆ?